ಗಿಳಿಯ ಅಂಗಾಲು

ಸುದ್ದಿಗೆಂದು ಹಳ್ಳಿ ತಿರುಗುವಾಗ ಪಂಜರ ಕಂಡರೆ ಬಗ್ಗಿ ಹಕ್ಕಿಯ ಅಂಗಾಲು ನೋಡುವ ಚಟ ನನಗೆ ಹತ್ತಿದೆ. ಹತ್ತಿಸಿದ್ದು ಅಕ್ಕನ ಮನೆಯ ಕಾಕಟೀಲ್. ಅದು ಹಗಲಿಡೀ ಒಂದು ಕಾಲು ಎತ್ತಿಕೊಂಡೇ ಕೂರುತ್ತಿತ್ತು. "ನಿದ್ದೆ ಕಣೋ, ಅವು ಮಲಗೋದೇ ಹಾಗೆ" ಅಂದಳು ಅಕ್ಕ. ಸುಳ್ಳಲ್ಲ, ಗಿಳಿ ಜಾತಿಯವು ಒಂಟಿಗಾಲಲ್ಲಿ ಮಲಗುತ್ತವೆ. ಆದರೆ ಇದು ಎಚ್ಚರವಿದ್ದಾಗಲೂ ಅದೇ ಕಾಲು ಎತ್ತುತ್ತಿತ್ತು. ಕೆಳಗಿನಿಂದ ಟಾರ್ಚ್ ಬಿಟ್ಟೆ. ಒರಟಾಗಿರಬೇಕಾದ ಅಂಗಾಲು ನುಣ್ಣಗೆ, ಕೆಂಪಗೆ ಹೊಳೆಯುತ್ತಿತ್ತು. ನಡುವೆ ಸಣ್ಣ ಹಕ್ಕಳೆ.

ಪಶುವೈದ್ಯರು ಬಂಬಲ್‌ಫುಟ್ ಅಂದರು. ಕಾರಣ ಪಂಜರದಲ್ಲೇ ಇತ್ತು: ಒಂದೇ ದಪ್ಪದ ಪ್ಲಾಸ್ಟಿಕ್ ಕೋಲು, ಮೂರು ಹೊತ್ತೂ ಸೂರ್ಯಕಾಂತಿ ಬೀಜ. ಒಂದೇ ಜಾಗಕ್ಕೆ ಭಾರ ಬಿದ್ದು ಚರ್ಮ ಸವೆಯುತ್ತದೆ. ಬರೀ ಬೀಜ ತಿಂದರೆ ಬೊಜ್ಜು ಬರುತ್ತದೆ, ವಿಟಮಿನ್ ಎ ಸಾಲದೆ ಚರ್ಮವೂ ಕೆಡುತ್ತದೆ. ಬಿಟ್ಟರೆ ಸೋಂಕು ಮೂಳೆವರೆಗೂ ಇಳಿಯುತ್ತದೆ. ಹಕ್ಕಳೆ ಕಿತ್ತು ಅರಿಶಿನ ಮೆತ್ತಲು ಹೊರಟಿದ್ದ ಅಕ್ಕನನ್ನು ಡಾಕ್ಟರು ಗದರಿದರು. ಔಷಧಿಯ ಜೊತೆಗೆ ಕಿರುಬೆರಳು, ಹೆಬ್ಬೆರಳು ದಪ್ಪದ ಸೀಬೆ ಕೊಂಬೆಗಳು ಬಂದವು, ಕ್ಯಾರೆಟ್ ತುರಿ, ನುಗ್ಗೆಸೊಪ್ಪು ಬಂತು. ಅಂಗಡಿಯವರು ಉಪ್ಪುಕಾಗದ ಸುತ್ತಿದ ಕೋಲು ಕೊಟ್ಟರೆ ಬೇಡ ಅನ್ನಿ. ಅದು ಅಂಗಾಲನ್ನೇ ಉಜ್ಜುತ್ತದೆ.

ನನಗೆ ಸಂಕಟ ನಮ್ಮ ಹಸಿರು ಗಿಳಿಗಳದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅವನ್ನು ಸಾಕುವಂತಿಲ್ಲ, ಅದು ಸರಿಯೇ. ಆದರೆ ಸಾಕಿಕೊಂಡವರು ಕೇಸಿನ ಭಯಕ್ಕೆ ಆಸ್ಪತ್ರೆಗೂ ಒಯ್ಯುವುದಿಲ್ಲ. ಕಾಲು ಊದಿದ ಹಕ್ಕಿ ಹಿತ್ತಲಲ್ಲೇ ಕೊರಗುತ್ತದೆ. ಕಳೆದ ವಾರ ಅಂಥದ್ದೊಂದನ್ನು ಕಂಡು, ಅರಣ್ಯ ಇಲಾಖೆಗೆ ಒಪ್ಪಿಸೋಣ ಅಂದೆ.

"ಪೇಪರ್‌ನಾಗೆ ಹಾಕ್ತೀಯೇನಪ್ಪಾ?" ಅಂದರು ಆ ಮನೆಯ ಅಜ್ಜಿ.

"ಇಲ್ಲಜ್ಜಿ, ಮೊದಲು ಕಾಲು ತೋರಿಸೋಣ."

ಅಜ್ಜಿ ಇನ್ನೂ ಒಪ್ಪಿಲ್ಲ. ನಾಳೆ ಮತ್ತೆ ಹೋಗುತ್ತೇನೆ.