ಅಥಣಿಯ ಅಂಗಳದಲ್ಲಿ ಒಂದು ಕಾಲೇಜು ಪಾಠ

ಅಥಣಿ ಎಂದೊಡನೆ ನಮ್ಮ ವಾಚಕ ಬಂಧುಗಳ ಮನದಲ್ಲಿ ಮೊದಲು ಮೂಡುವುದು ಗಚ್ಚಿನಮಠ, ಮತ್ತು ತಪೋಮಯ ಜೀವನದಿಂದ ಆ ಊರಿಗೆ ಹೆಸರು ತಂದ ಪೂಜ್ಯ ಮುರುಘೇಂದ್ರ ಶಿವಯೋಗಿಗಳ (1836–1921) ಸ್ಮರಣೆ. ನಾವೂ ಆ ಊರಿಗೆ ಹಲವು ಸಲ ಹೋದದ್ದು ಮಠದ ದರ್ಶನಕ್ಕಾಗಿಯೇ. ದರ್ಶನ ಮುಗಿಸಿ, ಪ್ರಸಾದ ಸ್ವೀಕರಿಸಿ, ಮರಳುವ ಅವಸರದಲ್ಲಿ ಪೇಟೆಯ ಅಂಗಡಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡು ಬಸ್ಸು ಹತ್ತುವುದು ನಮ್ಮ ರೂಢಿಯಾಗಿತ್ತು. ಆ ಚಪ್ಪಲಿ ಯಾವ ಓಣಿಯಲ್ಲಿ, ಯಾರ ಕೈಯಲ್ಲಿ ಹುಟ್ಟಿತೆಂದು ವಿಚಾರಿಸುವ ಪ್ರಸಂಗ ಒದಗಿರಲಿಲ್ಲ. ಈ ಸಲ ಅದನ್ನು ಒದಗಿಸಿದವಳು ನಮ್ಮ ಮನೆತನದ ಹುಡುಗಿಯೊಬ್ಬಳು. ಬೆಂಗಳೂರಿನ ವಿನ್ಯಾಸ ಕಾಲೇಜೊಂದರಲ್ಲಿ ಫ್ಯಾಶನ್ ಪರಿಕರಗಳ ವಿನ್ಯಾಸವನ್ನು ಅಭ್ಯಸಿಸುತ್ತಿರುವ ಅವಳು, ಸಹಪಾಠಿಗಳೊಡನೆ ಎರಡು ವಾರ ಅಥಣಿಯ ಸಮಗಾರ ಕುಟುಂಬಗಳಲ್ಲಿ ಕುಳಿತು ಕಲಿಯಲು ಬಂದಿದ್ದಳು. ಅದನ್ನು ಕಣ್ಣಾರೆ ಕಾಣಬೇಕೆಂದು ನಾವೂ ಹೊರಟೆವು.

ಇದು ಎಂಥ ವಿದ್ಯೆ ಎಂಬುದನ್ನು ಮೊದಲು ಹೇಳಬೇಕು. ಮನೆಯಲ್ಲಿ ಅನೇಕರು ನಮ್ಮನ್ನು ಹೀಗೆ ಕೇಳಿದ್ದಾರೆ. ಉಡುವ ಬಟ್ಟೆಯನ್ನು ಬಿಟ್ಟು ಮೈಮೇಲೆ ಧರಿಸುವ, ಕೈಯಲ್ಲಿ ಹಿಡಿಯುವ ವಸ್ತುಗಳೆಲ್ಲ ಪರಿಕರಗಳು: ಬಳೆ, ಓಲೆ, ಸರ, ಕೈಚೀಲ, ನಡುಪಟ್ಟಿ, ಕೈಗಡಿಯಾರ, ಕನ್ನಡಕದ ಚೌಕಟ್ಟು, ಪಾದರಕ್ಷೆ. ಇವುಗಳ ರೂಪವನ್ನು ಕಲ್ಪಿಸಿ, ಚಿತ್ರ ಬರೆದು, ಅಳತೆಗಿಳಿಸಿ, ಮಾದರಿ ಮಾಡಿ, ಒಂದನ್ನು ನೂರಾಗಿ ಸಾವಿರವಾಗಿ ತಯಾರಿಸುವ ಬಗೆಯನ್ನೂ ಅದರ ಬೆಲೆಯನ್ನೂ ನಿರ್ಧರಿಸುವುದೇ ಈ ಶಾಸ್ತ್ರ. ನಮ್ಮವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಬೆಳ್ಳಿಯ ಕರಡಿಗೆಯನ್ನು ನೆನೆಯಬಹುದು. ಅದನ್ನು ಫ್ಯಾಶನ್ ಎಂದು ಕರೆಯುವ ಅಪಚಾರ ನಮಗೆ ಬೇಡ. ಆದರೆ ಹಗಲಿರುಳು ಎದೆಯ ಮೇಲಿರುವ ಆ ವಸ್ತುವಿನ ಅಂಚು ಮೈಗೆ ಚುಚ್ಚಬಾರದು, ತಾನಾಗಿ ತೆರೆಯಬಾರದು, ಶಿವದಾರ ಕುತ್ತಿಗೆಯನ್ನು ಕೊಯ್ಯಬಾರದು ಎಂಬುದನ್ನೆಲ್ಲ ಯಾವನೋ ಅಕ್ಕಸಾಲಿಗ ಎಂದೋ ಚಿಂತಿಸಿದ್ದಾನಲ್ಲವೆ? ಆ ಚಿಂತನೆಗೆ ಇಂದು ಕಾಲೇಜಿನಲ್ಲಿ ಪದವಿ ಕೊಡುತ್ತಾರೆ.

ಭಾರತದಲ್ಲಿ ಈ ಪದವಿಶಿಕ್ಷಣ ತೀರ ಹಳೆಯದಲ್ಲ. ಕೇಂದ್ರ ಜವಳಿ ಸಚಿವಾಲಯದ ಆಶ್ರಯದಲ್ಲಿ 1986ರಲ್ಲಿ ದೆಹಲಿಯಲ್ಲಿ ಪ್ರಾರಂಭವಾದ ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, 1991ರಲ್ಲಿ ಪರಿಕರ ವಿನ್ಯಾಸದ ವಿಭಾಗವನ್ನು ತೆರೆಯಿತು. ಅದರ ಬೆಂಗಳೂರು ಶಾಖೆ 1997ರಲ್ಲಿ ಬಂತು, ಇಂದು ಎಚ್.ಎಸ್.ಆರ್. ಲೇಔಟಿನಲ್ಲಿದೆ. ಪಾದರಕ್ಷೆಗಾಗಿಯೇ ಮೀಸಲಾದ ಎಫ್.ಡಿ.ಡಿ.ಐ. ಎಂಬ ಸಂಸ್ಥೆಯೂ 1986ರದೇ. 2017ರ ಕಾಯಿದೆಯಿಂದ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ದೊರೆಯಿತು. ಖಾಸಗಿ ಕಾಲೇಜುಗಳು ಅನೇಕ. ನಿಫ್ಟ್‌ನ ಪದವಿ ನಾಲ್ಕು ವರ್ಷದ್ದು; ಮೊದಲ ವರ್ಷ ಎಲ್ಲ ವಿನ್ಯಾಸ ವಿಭಾಗದವರಿಗೂ ಸಾಮಾನ್ಯ ಪಾಠ, ಅನಂತರ ತಮ್ಮ ತಮ್ಮ ಶಾಖೆ.

ಇಂಥ ಕಾಲೇಜಿನ ಕಾರ್ಯಾಗಾರವನ್ನು ಹೊಕ್ಕವರಿಗೆ ಅದು ಕಾಲೇಜೆಂಬ ಭಾವನೆಯೇ ಬಾರದು. ಒಂದು ಕಡೆ ಲೋಹದ ಮೇಜುಗಳು. ಕೂದಲಿನಷ್ಟು ತೆಳುವಾದ ಗರಗಸದ ಅಲಗನ್ನು ಹಲ್ಲು ಕೆಳಮುಖವಾಗಿರುವಂತೆ ಬಿಗಿದು, ಹಿತ್ತಾಳೆಯ ತಗಡಿನಲ್ಲಿ ಎಲೆಯನ್ನೋ ಹೂವನ್ನೋ ಕೊರೆಯುವುದು ಆರಂಭದ ಪಾಠ. ಕೈ ತುಸು ವಾಲಿದರೂ ಅಲಗು ತುಂಡಾಗುತ್ತದೆ. ಮೊದಲ ದಿನಗಳಲ್ಲಿ ತಗಡಿಗಿಂತ ಅಲಗುಗಳೇ ಹೆಚ್ಚು ತುಂಡಾಗುತ್ತವೆಂದು ಹುಡುಗಿಯರು ನಗುತ್ತಾರೆ. ಅಚ್ಚಿನ ರಂಧ್ರಗಳಲ್ಲಿ ತಂತಿಯನ್ನೆಳೆದು ತೆಳುಗೊಳಿಸುವುದು, ಬಿಳಿಗಾರ ಹಚ್ಚಿ ಬೆಸೆಯುವುದು, ಮೇಣದಲ್ಲಿ ಕೆತ್ತಿ ಎರಕ ಹೊಯ್ಯುವುದು—ಇವೆಲ್ಲ ನಮ್ಮ ಪತ್ತಾರರ ಮನೆಯ ಕೆಲಸಗಳೇ. ಇನ್ನೊಂದು ಕಡೆ ತೊಗಲಿನ ವಿಭಾಗ. ಕೈಚೀಲ ಹೊಲಿಯುವ ಮುನ್ನ ಅದರ ಪ್ರತಿಯೊಂದು ಭಾಗವನ್ನೂ ಕಾಗದದಲ್ಲಿ ಕತ್ತರಿಸಬೇಕು. ಮಡಿಸುವೆಡೆ ಎಷ್ಟು ಬಿಡಬೇಕು, ಎಲ್ಲಿ ತೊಗಲನ್ನು ಹೆರೆದು ತೆಳುಮಾಡಬೇಕು ಎಂದು ಗುರುತಿಸಬೇಕು. ಕೊನೆಗೆ ಒಂದು ಹಾಳೆಯಲ್ಲಿ ತೊಗಲು, ಅಸ್ತರಿ, ದಾರ, ಕೊಂಡಿ, ಕೂಲಿ ಎಲ್ಲದರ ಲೆಕ್ಕ. ಚಿತ್ರ ಎಷ್ಟೇ ಅಂದವಾಗಿರಲಿ, ಲೆಕ್ಕ ಕೂಡದಿದ್ದರೆ ಅಂಕವಿಲ್ಲ. ಈ ಕಟ್ಟುನಿಟ್ಟು ನಮಗೆ ಬಹಳ ಹಿಡಿಸಿತು.

ಆದರೂ ನಮ್ಮ ಬಂಧುವರ್ಗದಲ್ಲಿ ಗೊಣಗಾಟ ಇಲ್ಲದಿರಲಿಲ್ಲ. ಹುಡುಗಿ ಆಭರಣವನ್ನು ಕಲಿಯುವುದಕ್ಕೆ ಯಾರ ಆಕ್ಷೇಪವೂ ಇಲ್ಲ, ತೊಗಲಿನ ಮಾತು ಬಂದಾಗ ಮಾತ್ರ ಹಿರಿಯರೊಬ್ಬರು, “ಚಪ್ಪಲಿ ಹೊಲಿಯೋದಕ್ಕೂ ಕಾಲೇಜೆ?” ಎಂದರು. ಅವರ ಮನೆಯ ಪಡಸಾಲೆಯಲ್ಲಿ ಶರಣರ ಪಟಗಳ ಸಾಲಿನಲ್ಲಿ ಸಮಗಾರ ಹರಳಯ್ಯನವರ ಪಟವೂ ಇದೆ. ತಮ್ಮ ಮತ್ತು ಪತ್ನಿ ಕಲ್ಯಾಣಮ್ಮನವರ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಅವರ ಕಥೆಯನ್ನು ಆ ಹಿರಿಯರೇ ನಮಗೆ ಬಾಲ್ಯದಲ್ಲಿ ಕಣ್ಣೀರು ತುಂಬಿ ಹೇಳಿದವರು. ನಾವು ಅವರಿಗೆ ಎದುರಾಡಲಿಲ್ಲ. ಹುಡುಗಿಯೇ, “ತಾತಾ, ಎರಡು ವಾರ ಅಥಣಿಗೆ ಹೋಗಿ ಬರ್ತೀನಿ” ಎಂದಷ್ಟೆ ಹೇಳಿ ಹೊರಟಳು.

ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಪಯಣಿಸಿ, ಬೆಳಗಾವಿ, ಘಟಪ್ರಭಾ, ರಾಯಬಾಗಗಳನ್ನು ದಾಟಿ ಕುಡಚಿಯಲ್ಲಿ ಇಳಿದೆವು. ಅಲ್ಲಿಂದ ಬಸ್ಸು ಕೃಷ್ಣೆಯನ್ನು ದಾಟಿ ಅಥಣಿಯತ್ತ ಸಾಗುತ್ತದೆ. ಮಳೆಗಾಲದಲ್ಲಿ ನೆರೆ ಬಂದರೆ ಈ ದಾರಿ ಮುಳುಗುವುದುಂಟು. ನಾವು ಹೋದದ್ದು ಜನವರಿಯಲ್ಲಿ. ಹೊಲಗಳಲ್ಲಿ ಕಬ್ಬಿನ ಕಟಾವು, ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಗಾಳಿಯಲ್ಲಿ ಕಾರ್ಖಾನೆಯ ಸಿಹಿಗಂಪು. ಚಪ್ಪಲಿ ಕೆಲಸ ನೋಡಬೇಕೆನ್ನುವವರೂ ಇಂಥ ಒಣ ದಿನಗಳಲ್ಲಿಯೇ ಬರಬೇಕು. ಮಳೆಗಾಲದಲ್ಲಿ ತೊಗಲು ಒಣಗದು, ಗಿರಾಕಿಯೂ ಬಾರ.

ಓಣಿಯನ್ನು ನಾವು ಕಣ್ಣಿಗಿಂತ ಮೊದಲು ಕಿವಿಯಿಂದ ಕಂಡುಕೊಂಡೆವು: ಕಲ್ಲಿನ ಮೇಲೆ ತೊಗಲನ್ನು ಬಡಿಯುವ ಸಪ್ಪಳ, ಮನೆಯಿಂದ ಮನೆಗೆ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿ ಇಲ್ಲಿಯದೂ ಹೌದು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಹೆಸರು ಮಾತ್ರ ಸಂತೆಯ ಊರಿನದೇ ಉಳಿಯಿತು.

ಈ ಚಪ್ಪಲಿಯಲ್ಲಿ ಮೊಳೆಯಿಲ್ಲ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಿಂದ ಹದಮಾಡಿದ ತೊಗಲೇ ಇದರ ಜೀವಾಳ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಚೀಲದಂತೆ ಹೊಲಿದು, ಅದರೊಳಗೆ ತೊಗಟೆಯ ರಸ ತುಂಬಿ ತೂಗುಹಾಕುವುದು ಹಳೆಯ ಪದ್ಧತಿ. ರಸ ಮೆಲ್ಲನೆ ಒಳಗಿನಿಂದ ಹೊರಕ್ಕೆ ಜಿನುಗುತ್ತ ಚರ್ಮವನ್ನು ತೊಗಲಾಗಿಸುತ್ತದೆ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು. ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಬಡಿದು ಗಟ್ಟಿಮಾಡಿ, ರಂಪಿಗೆಯಿಂದ ಪಾದದಾಕಾರಕ್ಕೆ ಕೊಯ್ಯುತ್ತಾರೆ. ಎರಡು ಬದಿಗೆ ಕಿವಿಗಳಂತೆ ಚಾಚಿದ ತುಂಡುಗಳನ್ನು ಪದರಗಳ ನಡುವೆ ಸೇರಿಸಿ ಹೊಲಿದು, ಮೇಲಿನ ಪಟ್ಟಿಯನ್ನೂ ಹೆಬ್ಬೆರಳಿನ ಉಂಗುಷ್ಟವನ್ನೂ ಕೂಡಿಸುತ್ತಾರೆ. ಕೊಯ್ಯುವುದು, ಅಟ್ಟೆ ಬಡಿಯುವುದು ಹೆಚ್ಚಾಗಿ ಗಂಡಸರ ಕೆಲಸ. ನವಿರಾದ ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುವುದು, ಮೇಲ್ಪಟ್ಟಿಯ ಕುಸುರಿ ಹೆಂಗಸರದು. ಹೆಣೆಯುವ ಕೈ ಅದೆಷ್ಟು ಚುರುಕೆಂದರೆ, ವಿದ್ಯಾರ್ಥಿಗಳು ಅದನ್ನು ಫೋನಿನಲ್ಲಿ ಚಿತ್ರಿಸಿಕೊಂಡು ನಿಧಾನಗತಿಯಲ್ಲಿ ನೋಡಿ ಕಲಿಯಬೇಕಾಯಿತು.

ನಮ್ಮ ಹುಡುಗಿಗೆ ಗುರುವಾಗಿ ದೊರೆತವರು ಐವತ್ತು ದಾಟಿದ ಒಬ್ಬ ತಾಯಿ. ಹುಡುಗಿ ಹೊಸ ಬಗೆಯ ಚಪ್ಪಲಿಯ ಚಿತ್ರವೊಂದನ್ನು ಬರೆದು ತಂದಿದ್ದಳು: ಹಿಮ್ಮಡಿಯನ್ನು ಸುತ್ತುವ ಒಂದೇ ಒಂದು ಸಪೂರ ಪಟ್ಟಿ, ನೋಡಲು ಬಹಳ ಲಕ್ಷಣವಾಗಿತ್ತು. ಆ ತಾಯಿ ಚಿತ್ರವನ್ನು ನೋಡಿ ಏನೂ ಹೇಳಲಿಲ್ಲ. ತೊಗಲಿನ ಹಾಸನ್ನು ಬಿಚ್ಚಿ ನೆಲಕ್ಕೆ ಹರಡಿ, ಹೊಟ್ಟೆಯ ಕಡೆಯಿಂದ ಒಂದು ಪಟ್ಟಿ, ಬೆನ್ನಿನ ಗುಂಟ ಇನ್ನೊಂದು ಪಟ್ಟಿ ಕೊಯ್ದು ಕೊಟ್ಟು, “ಜಗ್ಗಿ ನೋಡವ್ವ” ಎಂದರು. ಹೊಟ್ಟೆಯ ಪಟ್ಟಿ ಹಿಗ್ಗಿತು, ಬೆನ್ನಿನದು ಹಿಗ್ಗಲಿಲ್ಲ. ಪಶುವಿನ ಬೆನ್ನೆಲುಬಿನ ದಿಕ್ಕಿಗೆ ಕೊಯ್ದ ತೊಗಲು ಬಿಗಿ, ಹೊಟ್ಟೆಯದು ಸಡಿಲ. ಸಪೂರ ಪಟ್ಟಿಯನ್ನು ತಪ್ಪು ಕಡೆಯಿಂದ ಕೊಯ್ದರೆ ವಾರದಲ್ಲಿ ಹಿಮ್ಮಡಿಯಿಂದ ಜಾರುತ್ತದೆ. ಬೆನ್ನಿನಿಂದಲೇ ಕೊಯ್ಯೋಣವೆಂದರೆ ಆ ಭಾಗ ಅಟ್ಟೆಗೆ ಬೇಕು, ಬೆಲೆ ಏರುತ್ತದೆ. ಈ ಸಂಗತಿ ಪಠ್ಯದಲ್ಲಿಯೂ ಇದೆಯೆಂದು ಹುಡುಗಿ ಆಮೇಲೆ ನಮಗೆ ಹೇಳಿದಳು. ಪರೀಕ್ಷೆಯಲ್ಲಿ ಬರೆದೂ ಇದ್ದಳಂತೆ. ಆ ಸಂಜೆ ಅವಳು ಚಿತ್ರವನ್ನು ಮೂರು ಬಾರಿ ತಿದ್ದಿದಳು.

ಅಥಣಿಗೆ ಹೊರಗಿನ ವಿನ್ಯಾಸಜ್ಞಾನ ಬಂದದ್ದು ಇದು ಮೊದಲ ಸಲವಲ್ಲ. 1990ರ ದಶಕದ ಕೊನೆಯಲ್ಲಿ ಇಲ್ಲಿ ಕುಶಲಕರ್ಮಿಗಳ, ಅದರಲ್ಲೂ ಹೆಂಗಸರ ಸ್ವಸಹಾಯ ಗುಂಪುಗಳು ಕಟ್ಟಿಕೊಂಡವು. ಟೋಹೋಲ್ಡ್ ಎಂಬ ಹೆಸರಿನಲ್ಲಿ ಅವರ ಚಪ್ಪಲಿಗಳು ಹೊರದೇಶದ ಮಾರುಕಟ್ಟೆಗೂ ಹೋದವು. ಹೊರದೇಶದ ಗಿರಾಕಿಗೆ ಸರಿಸುಮಾರು ಎಂಬ ಅಳತೆ ನಡೆಯದು. ನೂರು ಜೊತೆ ಕೇಳಿದರೆ ನೂರೂ ಒಂದೇ ತೆರನಾಗಿರಬೇಕು. ಕಣ್ಣಳತೆಯ ಕೆಲಸ ಅಚ್ಚಿನ ಅಳತೆಗೆ ಒಗ್ಗಬೇಕಾಯಿತು.

ಇನ್ನೊಂದು ಬಗೆಯ ಭೇಟಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಸಂಸ್ಥೆ ತನ್ನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಮೆರೆಸಿತು, ಮೂಲದ ಹೆಸರೆತ್ತಲಿಲ್ಲ. ಇಲ್ಲಿ ಪ್ರತಿಭಟನೆಗಳಾದ ಮೇಲೆ ಭಾರತದ ಕರಕುಶಲತೆಯೇ ಪ್ರೇರಣೆಯೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ರಾಜ್ಯದ ಲಿಡ್ಕರ್ ಎಂಬ ಚರ್ಮೋದ್ಯಮ ನಿಗಮಗಳೊಡನೆ ಅದು ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯಗಳಲ್ಲಿ 2,000 ಜೊತೆ ಚಪ್ಪಲಿ ಮಾಡಿಸುವುದಾಗಿಯೂ ಕುಶಲಕರ್ಮಿಗಳಿಗೆ ತರಬೇತಿ ಕೊಡುವುದಾಗಿಯೂ ಪ್ರಕಟಿಸಿತು. ಬೆಲೆ ಜೊತೆಗೆ ಸುಮಾರು 800 ಯೂರೋ. ಓಣಿಯಲ್ಲಿ ಈ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ಹೇಳಿದಾಗ ಯಾರೂ ನಂಬಲಿಲ್ಲ; ಒಬ್ಬ ಅಜ್ಜ ಮಾತ್ರ ಬಡಿಯುವುದನ್ನು ನಿಲ್ಲಿಸಿ, “ಒಂದು ಕಾಲಿಗೋ, ಎರಡೂ ಕಾಲಿಗೋ?” ಎಂದು ಕೇಳಿದ.

ಈ ಮಾತುಗಳ ನಡುವೆಯೇ ನಮ್ಮ ಹುಡುಗಿಯ ಗುರುಮಾತೆ ಒಂದು ಪ್ರಶ್ನೆ ಎತ್ತಿದರು. ಕಾಲೇಜಿಗೆ ಒಪ್ಪಿಸಬೇಕಾದ ಹಾಳೆಯಲ್ಲಿ ಚಪ್ಪಲಿಯ ಚಿತ್ರ, ಅಳತೆ, ತೊಗಲಿನ ವಿವರ ಇದ್ದವು. ಕೆಳಗೆ ‘ವಿನ್ಯಾಸ’ ಎಂಬಲ್ಲಿ ಹುಡುಗಿಯ ಹೆಸರಿತ್ತು. ಅಕ್ಷರ ಬಾರದ ಆ ತಾಯಿ ಯಾವುದು ಏನೆಂದು ಒಂದೊಂದನ್ನೇ ಕೇಳಿ ತಿಳಿದು, “ಇದರಾಗ ನಮ್ಮ ಹೆಸರ ಎಲ್ಲಿ ಬರೀತೀರಿ?” ಎಂದರು. ಕೋಪವಿರಲಿಲ್ಲ, ಸಾಲು ಎಲ್ಲಿದೆಯೆಂದು ಕೇಳಿದ್ದಷ್ಟೆ. ಹಾಳೆಯಲ್ಲಿ ಅಂಥ ಸಾಲು ಇರಲಿಲ್ಲ. ಹುಡುಗಿ ಅಳತೆಪಟ್ಟಿ ಇಟ್ಟು ಗೆರೆ ಎಳೆದು, ಹೊಸದೊಂದು ಮನೆ ಮಾಡಿ, ಪಟ್ಟಿ ಹೆಣೆದವರು ಮತ್ತು ಅಟ್ಟೆ ಕೊಯ್ದವರು ಎಂದು ಇಬ್ಬರ ಹೆಸರನ್ನೂ ಬರೆದಳು. ಅಂಕ ಕೊಡುವವರು ಅದನ್ನು ಒಪ್ಪುವರೋ ಇಲ್ಲವೋ, ನಮ್ಮ ದೃಷ್ಟಿಯಲ್ಲಿ ಆ ಎರಡು ವಾರಗಳ ವ್ಯಾಸಂಗದಲ್ಲಿ ಅವಳು ಮಾಡಿದ ಉತ್ತಮ ವಿನ್ಯಾಸ ಆ ಗೆರೆಯೇ.

ಆ ಮನೆಯ ಮೊಮ್ಮಗ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾನೆ. ಈ ಕಾಲೇಜಿಗೆ ತಾನೂ ಸೇರಬಹುದೇ ಎಂದು ಅವನು ಮೊದಲ ದಿನದಿಂದ ಕೇಳಬೇಕೆಂದಿದ್ದು, ನಾವು ಹೋದ ದಿನ ಕೇಳಿದ. ಸೇರಬಹುದು, ನಿಫ್ಟ್‌ಗೆ ಯಾವ ವಿಷಯದಲ್ಲಿ ಪಿ.ಯು.ಸಿ. ಆಗಿದ್ದರೂ ಸಾಕು, ಪರಿಶಿಷ್ಟ ಜಾತಿಯವರಿಗೆ ಶೇ. 15ರಷ್ಟು ಸ್ಥಾನಗಳು ಮೀಸಲು. ಆದರೆ ಪ್ರವೇಶಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಾಲ್ಕು ವರ್ಷದ ಶುಲ್ಕ ಹಲವು ಲಕ್ಷ. ಆರ್ಥಿಕ ನೆರವು ಉಂಟು, ಅದರ ಅರ್ಜಿಯನ್ನು ತುಂಬಿಸಿಕೊಡುವವರು ಅಥಣಿಯ ಓಣಿಯಲ್ಲಿ ಬೇಕು. ನಮ್ಮ ಮಠಗಳೂ ವಿದ್ಯಾಸಂಸ್ಥೆಗಳೂ ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶಕ್ಕೆ ತರಬೇತಿ ಏರ್ಪಡಿಸುವುದನ್ನು ಬಲ್ಲೆವು. ಈ ಪರೀಕ್ಷೆಗೆ ಏರ್ಪಡಿಸಿದ್ದನ್ನು ನಾವಂತೂ ಕಂಡಿಲ್ಲ. ಮಲೇಷ್ಯಾದ ಪೆನಾಂಗಿನ ಚಮ್ಮಾರನೊಬ್ಬನ ಮಗ ಜಿಮ್ಮಿ ಚೂ, ಲಂಡನ್ನಿನಲ್ಲಿ ಇದೇ ವಿದ್ಯೆಗೆ ಹೆಸರಾಗಿದ್ದ ಕಾರ್ಡ್‌ವೇನರ್ಸ್ ಕಾಲೇಜಿನಲ್ಲಿ ಓದಿ ಜಗತ್ಪ್ರಸಿದ್ಧನಾದದ್ದನ್ನು ವಿದ್ಯಾರ್ಥಿಗಳು ಅವನಿಗೆ ಹೇಳಿದರು. ಹುಡುಗ ಆ ಕಥೆಗಿಂತ ಪರೀಕ್ಷೆಯ ವಿವರವನ್ನೇ ಮತ್ತೆ ಮತ್ತೆ ಕೇಳಿದ.

ಬರವಣಿಗೆಯಲ್ಲಿ ಗೆದ್ದವರಿಗೆ ಎರಡನೆಯ ಹಂತದಲ್ಲಿ ಇನ್ನೊಂದು ಪರೀಕ್ಷೆಯಿರುತ್ತದೆ: ಕೆಲವು ಸಾಮಗ್ರಿ ಕೊಟ್ಟು, ಗೊತ್ತುಪಡಿಸಿದ ಸಮಯದೊಳಗೆ ಒಂದು ವಸ್ತುವನ್ನು ಕೈಯಾರೆ ಮಾಡಿ ತೋರಿಸಬೇಕು. ಅದು ಹೇಗಿರುತ್ತದೆಂದು ತೋರಿಸಲು ವಿದ್ಯಾರ್ಥಿಗಳು ತಂತಿ, ದಪ್ಪ ಕಾಗದ, ದಾರ, ಒಂದಿಷ್ಟು ಬಟ್ಟೆಯ ಚೂರುಗಳನ್ನು ಚಾಪೆಯ ಮೇಲಿಟ್ಟು, “ದಾರಿಯಲ್ಲಿ ನಡೆಯುವವನಿಗೆ ಉಪಯೋಗವಾಗುವಂಥದು ಏನಾದರೂ ಮಾಡು, ಎರಡು ತಾಸು” ಎಂದು ಹೇಳಿ ಕೈಗಡಿಯಾರ ಬಿಚ್ಚಿಟ್ಟರು. ಹುಡುಗ ಸಾಮಗ್ರಿಯನ್ನು ಬಹಳ ಹೊತ್ತು ಮುಟ್ಟಲೇ ಇಲ್ಲ. ಅಜ್ಜಿ ಹೆಣಿಗೆಯ ನಡುವೆ ಒಮ್ಮೆ ಅತ್ತ ನೋಡಿದರು, ಮತ್ತೆ ತಲೆ ತಗ್ಗಿಸಿದರು. ಕೊನೆಗೆ ಅವನು ಕಾಗದವನ್ನು ಬಿಟ್ಟು ತಂತಿಯನ್ನು ಎತ್ತಿಕೊಂಡು, ಹೆಬ್ಬೆರಳಿನ ಸುತ್ತ ಅಳತೆ ನೋಡತೊಡಗಿದ. ಅಷ್ಟರಲ್ಲಿ ನಮ್ಮ ಕುಡಚಿಯ ಬಸ್ಸಿನ ಹೊತ್ತಾಗಿತ್ತು.