ಮನಸ್ಸಿನ ಅಂದಾಜು, ಬಾಯಿಯ ಎಣಿಕೆ

ನಮ್ಮ ಗಡಿನಾಡಿನ ಮಗುವೊಂದು ಬೆಳಗಿನಿಂದ ಸಂಜೆಯವರೆಗೆ ಎಷ್ಟು ಬಗೆಯ ಎಣಿಕೆಗಳನ್ನು ಕೇಳುತ್ತದೆಂಬುದನ್ನು ವಾಚಕರು ಒಮ್ಮೆ ಗಮನಿಸಬೇಕು. ಮನೆಯಲ್ಲಿ ಅಜ್ಜಿ ರೊಟ್ಟಿಗಳನ್ನು ಕನ್ನಡದಲ್ಲಿ ಎಣಿಸುತ್ತಾಳೆ. ಅಕ್ಕಲಕೋಟೆಯ ಪೇಟೆಯಲ್ಲಿ ವ್ಯಾಪಾರಿ ಮರಾಠಿಯಲ್ಲಿ ಬೆಲೆ ಹೇಳುತ್ತಾನೆ. ಮೊಬೈಲಿನ ನಂಬರನ್ನು ಅಣ್ಣ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾನೆ. ಇವುಗಳ ನಡುವೆ ಆ ಎಳೆಯ ಮಿದುಳು ಸಂಖ್ಯೆಯನ್ನು ಹೇಗೆ ಅರಗಿಸಿಕೊಳ್ಳುತ್ತದೆ? ಹಳ್ಳಿಯ ಶಾಲೆಯಲ್ಲಿ ಬಹುಕಾಲದಿಂದ ಲೆಕ್ಕ ಕಲಿಸುತ್ತ ಬಂದಿರುವ ನಮಗೆ ಇದು ಬರಿಯ ಶಾಲೆಯ ಪ್ರಶ್ನೆಯಾಗಿ ತೋರಿಲ್ಲ. ಸಂತೆ, ಸಾಲ, ಸಂಸಾರಗಳ ಹಿತಾಹಿತಗಳೂ ಇದಕ್ಕೆ ಅಂಟಿಕೊಂಡಿವೆ.

ಮೊದಲು ಒಂದು ಹಳೆಯ ಪ್ರಯೋಗವನ್ನು ನೋಡೋಣ. 1871ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬವರು ಒಂದು ಚಿಕ್ಕ ಡಬ್ಬಿಯೊಳಕ್ಕೆ ಅವರೆಯಂಥ ಕರಿಯ ಕಾಳುಗಳನ್ನು ಎರಚಿ, ಕಣ್ಣು ಹಾಯಿಸಿದೊಡನೆ ಎಷ್ಟಿವೆಯೆಂದು ಹೇಳಿ, ಬಳಿಕ ಎಣಿಸಿ ನೋಡಿದರು. ಹೀಗೆ ಸಾವಿರಕ್ಕೂ ಹೆಚ್ಚು ಬಾರಿ ಮಾಡಿದರು. ಮೂರು, ನಾಲ್ಕು ಕಾಳುಗಳಿದ್ದಾಗ ಅವರು ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದಾಗ ಅಪರೂಪಕ್ಕೆ ತಪ್ಪು ಕಾಣಿಸಿಕೊಂಡಿತು. ಹತ್ತನ್ನು ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬಾರಿ ತಪ್ಪಿತು. ಹುಣಸೆ ಬೀಜಗಳನ್ನು ಹಿಡಿದು ಯಾವ ಮನೆಯ ಜಗುಲಿಯಲ್ಲಾದರೂ ಈ ಪರೀಕ್ಷೆಯನ್ನು ಮಾಡಬಹುದು. ನಾಲ್ಕರವರೆಗೆ ಕಣ್ಣಿಗೇ ಲೆಕ್ಕ ಸಿಗುತ್ತದೆ. ಅದರಾಚೆ ಸಿಗುವುದು ಅಂದಾಜು ಮಾತ್ರ.

ಈ ಅಂದಾಜಿನ ಶಕ್ತಿ ಹುಟ್ಟಿನಿಂದಲೇ ಬಂದದ್ದು. ಅಮೆರಿಕದ ಕ್ಯಾರನ್ ವಿನ್ ಎಂಬ ವಿದುಷಿ 1992ರಲ್ಲಿ ಐದು ತಿಂಗಳ ಶಿಶುಗಳ ಮುಂದೆ ಒಂದು ಗೊಂಬೆಯನ್ನಿಟ್ಟು, ಪರದೆಯಿಂದ ಮರೆಮಾಡಿ, ಮಗು ನೋಡುತ್ತಿರುವಂತೆಯೇ ಇನ್ನೊಂದು ಗೊಂಬೆಯನ್ನು ಪರದೆಯ ಹಿಂದೆ ಇರಿಸಿದರು. ಪರದೆ ಸರಿದಾಗ ಒಂದೇ ಗೊಂಬೆ ಕಂಡರೆ ಶಿಶುಗಳು ಹೆಚ್ಚು ಹೊತ್ತು ದಿಟ್ಟಿಸಿ ನೋಡಿದವು. ಮಾತು ಬಾರದ ಕೂಸಿಗೂ ಒಂದಕ್ಕೆ ಒಂದು ಸೇರಿದರೆ ಒಂದೇ ಉಳಿಯಲಾರದೆಂಬ ಅರಿವಿದ್ದಂತಾಯಿತು. ತಲೆಯ ಹಿಂಬದಿಯ ಮೇಲ್ಭಾಗದಲ್ಲಿ, ಎಡಬಲಗಳೆರಡರಲ್ಲೂ, ಮಿದುಳಿನ ಹೊರಪದರದಲ್ಲಿ ಒಂದೊಂದು ಆಳವಾದ ಮಡಿಕೆಯುಂಟು. ನಾವು ಸಂಖ್ಯೆಗಳನ್ನು ಹೋಲಿಸುವಾಗ ಆ ಜಾಗಗಳು ಎಚ್ಚರಗೊಳ್ಳುವುದನ್ನು ವಿಜ್ಞಾನಿಗಳು ಯಂತ್ರಗಳ ಮೂಲಕ ಕಂಡಿದ್ದಾರೆ.

ಆದರೆ ಈ ಸಹಜ ಶಕ್ತಿ ಸಂಖ್ಯೆಯನ್ನು ಎಣಿಸುವುದಿಲ್ಲ, ತೂಗುತ್ತದೆ. ಅದರ ತೂಕ ಪ್ರಮಾಣವನ್ನು ಅನುಸರಿಸಿದ್ದು. ಒಂದು ಸೇರು ಜೋಳ ಹೊತ್ತವನಿಗೆ ಇನ್ನೊಂದು ಸೇರು ಹೇರಿದರೆ ಕೂಡಲೇ ತಿಳಿಯುತ್ತದೆ; ತುಂಬಿದ ಚೀಲ ಹೊತ್ತವನಿಗೆ ಅದೇ ಒಂದು ಸೇರು ತಿಳಿಯುವುದಿಲ್ಲ. ಸಂಖ್ಯೆಯ ವಿಷಯದಲ್ಲಿಯೂ ಹೀಗೆಯೇ. ಬರೆದ ಅಂಕೆಗಳಲ್ಲಿ ದೊಡ್ಡದು ಯಾವುದೆಂದು ಕೇಳಿದಾಗ, ಎರಡು ಮತ್ತು ಒಂಬತ್ತಕ್ಕೆ ಉತ್ತರ ಬೇಗ ಬರುತ್ತದೆ, ಎಂಟು ಮತ್ತು ಒಂಬತ್ತಕ್ಕೆ ತಡವಾಗುತ್ತದೆ. ಓದು ಬರಹ ಬಲ್ಲ ದೊಡ್ಡವರಲ್ಲಿಯೇ ಹೀಗಾಗುವುದೆಂದು 1967ರಲ್ಲಿ ಮೋಯರ್ ಮತ್ತು ಲ್ಯಾಂಡೌವರ್ ಎಂಬವರು ಅಳೆದು ತೋರಿಸಿದರು. ಅಂಕೆಯನ್ನು ಕಂಡಾಗಲೂ ಮಿದುಳು ಒಳಗೊಳಗೇ ರಾಶಿಯನ್ನು ರಾಶಿಯೊಡನೆ ತೂಗಿ ನೋಡುತ್ತದೆ.

ನಮ್ಮ ನಿತ್ಯದ ನಡತೆ ಈ ಗುಣದಿಂದ ಹೇಗೆ ಬಾಗುತ್ತದೆಂಬುದನ್ನು ಈಗ ವಿಚಾರಿಸೋಣ. ಟ್ವೆರ್‌ಸ್ಕಿ ಮತ್ತು ಕಾನಮನ್ ಎಂಬ ವಿದ್ವಾಂಸರು 1981ರಲ್ಲಿ ಪ್ರಕಟಿಸಿದ ಒಂದು ಪ್ರಶ್ನೆ ಪ್ರಸಿದ್ಧವಾಗಿದೆ. ಹದಿನೈದು ಡಾಲರಿನ ಸಾಮಾನು ಇಪ್ಪತ್ತು ನಿಮಿಷ ದೂರದ ಅಂಗಡಿಯಲ್ಲಿ ಐದು ಡಾಲರ್ ಕಡಿಮೆಗೆ ಸಿಗುವುದಾದರೆ ಅಲ್ಲಿಗೆ ಹೋಗುವಿರಾ ಎಂದು ಕೇಳಿದಾಗ ನೂರಕ್ಕೆ 68 ಜನ ಹೋಗುವೆವೆಂದರು. ಬೆಲೆ 125 ಡಾಲರ್ ಇದ್ದು ಅದೇ ಐದು ಡಾಲರ್ ಉಳಿಯುವುದಾದರೆ 29 ಜನ ಮಾತ್ರ ಒಪ್ಪಿದರು. ಉಳಿಯುವ ಹಣ ಒಂದೇ, ನಡೆಯುವ ದಾರಿ ಒಂದೇ. ನಮ್ಮಲ್ಲಿಯೂ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಹೆಚ್ಚಾಯಿತೆಂದು ಬಡ ಮುದುಕಿಯೊಡನೆ ವಾದಿಸುವ ಗೃಹಸ್ಥರು, ಮಗಳ ಮದುವೆಯ ಜವಳಿ ತೆಗೆಯುವಾಗ ಐನೂರು ರೂಪಾಯಿಯ ಅಂತರವನ್ನು ಕೇಳಿಯೂ ಕೇಳದಂತೆ ಬಿಡುವುದುಂಟು. 499 ರೂಪಾಯಿಯ ಚೀಟಿ ಕಂಡಾಗ ಮನಸ್ಸು ಮೊದಲಂಕೆಯಾದ ನಾಲ್ಕನ್ನೇ ಹಿಡಿದುಕೊಂಡು ಐನೂರನ್ನು ಮರೆಯುತ್ತದೆ. ಇದು ಬುದ್ಧಿಹೀನತೆಯಲ್ಲ, ಎಲ್ಲ ಮಾನವರಿಗೂ ಸಮಾನವಾದ ಸ್ವಭಾವ.

ಕೊತ್ತಂಬರಿಯಲ್ಲಿ ಕಳೆಯುವುದು ಅಲ್ಪ. ಸಾಲದಲ್ಲಿ ಕಳೆಯುವುದು ಹೊಲ. ಊರ ಸಾಹುಕಾರನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆನ್ನುತ್ತಾನೆ. ಬ್ಯಾಂಕು ವರ್ಷಕ್ಕೆ ನೂರಕ್ಕೆ ಹನ್ನೆರಡು ಎನ್ನುತ್ತದೆನ್ನೋಣ. ಕಿವಿಗೆ ಮೂರು ಚಿಕ್ಕದು, ಹನ್ನೆರಡು ದೊಡ್ಡದು. ಮನಸ್ಸು ಮೂರರ ಕಡೆಗೆ ವಾಲುತ್ತದೆ. ಎಣಿಸಿ ನೋಡಿದರೆ ಆ ಮೂರು ವರ್ಷಕ್ಕೆ ಮೂವತ್ತಾರಾಗುತ್ತದೆ. 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000. ಮೂರು ವರ್ಷ ತುಂಬುವ ಮೊದಲೇ ಬಡ್ಡಿಯ ಮೊತ್ತ ಅಸಲನ್ನು ಮೀರುತ್ತದೆ, ಅಸಲು ಇದ್ದಲ್ಲಿಯೇ ಇರುತ್ತದೆ. ಬ್ಯಾಂಕಿನ ಕಾಗದಪತ್ರಗಳ ತೊಡಕಿಗೆ ಬೇಸತ್ತು ಸಾಹುಕಾರನಲ್ಲಿಗೆ ಹೋಗುವವರೂ ಇದ್ದಾರೆ. ಆದರೆ ಮೂರು ಎಂಬ ಸಣ್ಣ ಸದ್ದನ್ನು ನಂಬಿ ಹೋಗುವವರು ಕಡಿಮೆಯೇನಲ್ಲ.

ಹಾಗಾದರೆ ಅಂದಾಜಿನ ಈ ಕಟ್ಟಿನಿಂದ ಮನುಷ್ಯನನ್ನು ಬಿಡಿಸಿದ್ದು ಯಾವುದು? ಎಣಿಕೆಯ ಪದಗಳು. ಬ್ರೆಜಿಲ್ ದೇಶದ ಅಮೆಜಾನ್ ಅರಣ್ಯದಲ್ಲಿ ಮುಂಡುರುಕು ಎಂಬ ಜನಾಂಗವಿದೆ. ಅವರ ಭಾಷೆಯಲ್ಲಿ ಐದರಾಚೆ ಸಂಖ್ಯೆಗಳಿಗೆ ಹೆಸರಿಲ್ಲ. ಫ್ರಾನ್ಸಿನ ಪಿಕಾ, ದೆಹೇನ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೊಡ್ಡ ರಾಶಿಗಳಲ್ಲಿ ಹೆಚ್ಚು ಯಾವುದು, ಕಡಿಮೆ ಯಾವುದು ಎಂಬುದನ್ನು ಅವರು ಇತರರಂತೆಯೇ ಹೇಳಬಲ್ಲರು. ಆದರೆ ನಾಲ್ಕೈದನ್ನು ಮೀರಿದ ರಾಶಿಯಿಂದ ಕಳೆದು ಉಳಿದದ್ದನ್ನು ನಿಖರವಾಗಿ ಹೇಳುವುದು ಅವರಿಗೆ ಕಷ್ಟವಾಯಿತು. ಅಂದಾಜು ಎಲ್ಲರಿಗೂ ಹುಟ್ಟಿನಿಂದ ದೊರೆತ ಸ್ವತ್ತು; ನಿಖರವಾದ ಎಣಿಕೆ ಭಾಷೆಯಿಂದ ದೊರೆತದ್ದು.

ಇದಕ್ಕೆ ಇನ್ನೊಂದು ಸಾಕ್ಷ್ಯ ಎರಡು ಭಾಷೆ ಬಲ್ಲವರಲ್ಲಿ ಸಿಕ್ಕಿದೆ. ಸ್ಪೆಲ್ಕಿ ಮತ್ತು ಸಿವ್ಕಿನ್ ಎಂಬವರು 2001ರಲ್ಲಿ ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ ಕೆಲವು ಹೊಸ ಲೆಕ್ಕಗಳನ್ನು ಒಂದು ಭಾಷೆಯಲ್ಲಿ ಮಾತ್ರ ಕಲಿಸಿ, ಎರಡರಲ್ಲಿಯೂ ಪರೀಕ್ಷಿಸಿದರು. ನಿಖರವಾದ ಉತ್ತರಗಳು ಕಲಿಸಿದ ಭಾಷೆಯಲ್ಲಿ ಬೇಗ ಬಂದವು, ಇನ್ನೊಂದರಲ್ಲಿ ತಡವಾದವು. ಅಂದಾಜಿನ ಉತ್ತರಗಳಿಗೆ ಭಾಷೆಯ ಭೇದವೇ ಇರಲಿಲ್ಲ. ಬಾಲ್ಯದಲ್ಲಿ ಕನ್ನಡ ಮಗ್ಗಿ ಕಲಿತ ನಮ್ಮವರು ಸೊಲ್ಲಾಪುರದ ಕಚೇರಿಗಳಲ್ಲಿ ಮರಾಠಿಯಲ್ಲೇ ವ್ಯವಹರಿಸುತ್ತ, ಕೂಡಿಸುವಾಗ ಮಾತ್ರ ತುಟಿಯೊಳಗೆ ‘ಏಳೆಂಟ್ಲೆ ಐವತ್ತಾರು’ ಎನ್ನುವುದಕ್ಕೆ ಕಾರಣ ಇಲ್ಲಿ ದೊರೆಯುತ್ತದೆ.

ಕನ್ನಡದ ಎಣಿಕೆಯಲ್ಲಿ ಎಳೆಯರಿಗೆ ಇನ್ನೊಂದು ಅನುಕೂಲವೂ ಇದೆ. ಇಪ್ಪತ್ತು, ಒಂದು: ಇಪ್ಪತ್ತೊಂದು. ಬರೆಯುವ ಕ್ರಮದಲ್ಲಿಯೇ ನುಡಿಯೂ ನಡೆಯುತ್ತದೆ. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ನಂತರ: ಏಕವೀಸ. ಇಪ್ಪತ್ತೊಂಬತ್ತಕ್ಕೆ ಏಕೋಣತೀಸ, ಅಂದರೆ ಒಂದು ಕಡಿಮೆ ಮೂವತ್ತು. ಜರ್ಮನ್ ಭಾಷೆಯಲ್ಲಿಯೂ ಬಿಡಿಯೇ ಮೊದಲು ಬರುತ್ತದೆ. ಆ ಭಾಷೆಯಾಡುವ ಆಸ್ಟ್ರಿಯದ ಒಂದನೆಯ ತರಗತಿಯ ಮಕ್ಕಳು ಹೇಳಿದ ಸಂಖ್ಯೆಯನ್ನು ಬರೆಯುವಾಗ ಮಾಡಿದ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟು ಈ ಅದಲುಬದಲಿಗೆ ಸಂಬಂಧಿಸಿದವೆಂದು 2009ರ ಅಧ್ಯಯನವೊಂದು ತಿಳಿಸಿತು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು 2019ರಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ ಏಕ’ ಎಂಬ ಹೊಸ ರೀತಿಯನ್ನು ಮುಂದಿಟ್ಟಿತು. ಸಮಿತಿಯ ನೇತೃತ್ವ ವಹಿಸಿದ್ದ ಗಣಿತಜ್ಞೆ ಮಂಗಲಾ ನಾರಳೀಕರರು ಮಕ್ಕಳಿಗೆ ಇದು ಸುಲಭವೆಂದು ಸಮರ್ಥಿಸಿದರು. ಭಾಷೆಯ ಸೊಗಸು ಕೆಡುವುದೆಂದು ಅನೇಕರು ವಿರೋಧಿಸಿದರು. ಆ ವಾದದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಮರಾಠಿ ನಮ್ಮ ನೆರೆಯ ಭಾಷೆ, ಅನ್ನದ ಭಾಷೆ; ಅದರ ಎಣಿಕೆಯನ್ನು ಕೋಟ್ಯಂತರ ಮಕ್ಕಳು ಚೆನ್ನಾಗಿಯೇ ಕಲಿಯುತ್ತ ಬಂದಿದ್ದಾರೆ, ನಮ್ಮ ಮಕ್ಕಳೂ ಕಲಿಯಬೇಕು. ಆದರೆ ಬೇರೆಯವರು ಪುಸ್ತಕ ತಿದ್ದಿ ತರಬೇಕೆಂದ ಸೌಲಭ್ಯ ನಮ್ಮ ಅಡುಗೆಮನೆಯಲ್ಲಿ ಮೊದಲೇ ಇದೆಯೆಂಬುದನ್ನು ನಾವು ಮರೆಯಬಾರದು.

ಇಂದು ಅನೇಕ ತಂದೆತಾಯಿಗಳು ‘ಶಾಲೆ ಬೇರೆ ಭಾಷೆಯದು, ಮನೆಯ ಎಣಿಕೆ ಏತಕ್ಕೆ’ ಎಂದು ಕನ್ನಡದ ಒಂದು ಎರಡನ್ನು ಕೈಬಿಡುತ್ತಿದ್ದಾರೆ. ಹೀಗೆ ಮನೆಯ ಎಣಿಕೆ ತಪ್ಪಿ, ಶಾಲೆಯ ಎಣಿಕೆ ಇನ್ನೂ ನಿಲ್ಲದೆ ಇರುವ ಮಗು ಎರಡರ ನಡುವೆ ಅಂದಾಜಿನ ಮೇಲೆಯೇ ಬದುಕುತ್ತದೆ. ಅಂಥ ಮಕ್ಕಳು ನಮ್ಮ ತರಗತಿಗೂ ಬರುತ್ತಾರೆ. ಉತ್ತರ ಸುಮಾರಾಗಿ ಹತ್ತಿರವಿರುತ್ತದೆ, ಸರಿಯಾಗಿರುವುದಿಲ್ಲ. ಕೇಳಿದರೆ ತಲೆ ತಗ್ಗಿಸುತ್ತಾರೆ. ಅವರನ್ನು ದಡ್ಡರೆನ್ನುವುದು ಅನ್ಯಾಯ.

ಆದಕಾರಣ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಮಗು ರೊಟ್ಟಿ, ಬೆರಣಿ, ಬುಟ್ಟಿಯ ಈರುಳ್ಳಿಗಳನ್ನು ಬಾಯಿಬಿಟ್ಟು ಕನ್ನಡದಲ್ಲಿ ಎಣಿಸಲಿ. ರಾಶಿ ಅಳೆಯುವಾಗ ಹಿರಿಯರು ‘ಲಾಭ’ ಎಂದು ಆರಂಭಿಸಿ ಎರಡು, ಮೂರು ಎಂದು ಕೂಗುವುದುಂಟಲ್ಲ, ಮಗು ಪಕ್ಕದಲ್ಲಿ ನಿಂತು ಅದನ್ನು ಕೂಗಲಿ. ಅದೇ ಸಂಖ್ಯೆಗೆ ಶಾಲೆಯ ಭಾಷೆಯಲ್ಲಿ ಏನೆನ್ನುವರೆಂದು ಆಮೇಲೆ ಕೇಳಿರಿ. ಸಂತೆಗೆ ಹೋದಾಗ ಚಿಲ್ಲರೆಯ ಲೆಕ್ಕವನ್ನು ಅವರಿಗೇ ಒಪ್ಪಿಸಿರಿ. ಸಾಲದ ಮಾತು ಬಂದ ದಿನ ಮನೆಯ ದೊಡ್ಡ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, ತಿಂಗಳ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿ ಬರೆಯಿಸಿರಿ. ಆ ಮೊತ್ತವನ್ನು ಗಟ್ಟಿಯಾಗಿ ಓದಿಸಿ ಕೇಳಿದ ಬಳಿಕವೇ ಕಾಗದಕ್ಕೆ ರುಜು ಹಾಕುವುದೋ ಬಿಡುವುದೋ ಎಂಬುದನ್ನು ನಿರ್ಧರಿಸಿರಿ.