ಹೋಗೋದು ನಡ್ಕೊಂಡು, ಬರೋದು ರೈಲಲ್ಲಿ!

ಸಿನಿಮಾದಲ್ಲಾದರೆ ಬಲು ಸುಲಭ ಕಣ್ರೀ! ಪಲ್ಲವಿಗೆ ಹೀರೋ ಬೆಟ್ಟದ ತುದಿಯಲ್ಲಿರ್ತಾನೆ, ಚರಣಕ್ಕೆ ಹೊಳೆ ದಂಡೆಯಲ್ಲಿರ್ತಾನೆ. ನಡುವಿನ ಇಳಿಜಾರು ಎಡಿಟರ್ ಕತ್ತರಿಗೆ ಹೋಗಿರುತ್ತೆ. ಆ ಕತ್ತರಿಸಿದ ಭಾಗವನ್ನು ಕಾಲಲ್ಲೇ ಅಳೆದು ಬಂದ ಬಡಪಾಯಿ ನಾನು!

ಊರು ಮೂಡಿಗೆರೆ. ತೇಜಸ್ವಿಯವರು ಬದುಕಿ ಬರೆದ ಊರು. ಅವರ ಕಥೆಯಿಂದ ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ತೆಗೆದದ್ದು ಹಳೇ ಅಭಿಮಾನಿಗಳಿಗೆ ಗೊತ್ತು. ನನ್ನ ಕಥೆ ಅಷ್ಟು ದೊಡ್ಡದಲ್ಲ. ಪಿಯುಸಿಗೆ ಶರಣು ಹೊಡೆದು ಪೆನ್ನು ಹಿಡಿದವನು ನಾನು. ನನ್ನನ್ನು ಸಾಕಿದವಳು ಅಜ್ಜಿ. ಘಟ್ಟದ ಕೆಳಗಿನ ಶಿಶಿಲದವಳು. ಹದಿನಾಲ್ಕನೇ ವಯಸ್ಸಿಗೆ ಮೇಸ್ತ್ರಿಯ ಹಿಂದೆ ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿ ಕಾಫಿ ತೋಟಕ್ಕೆ ಬಂದವಳು ಮತ್ತೆ ಇಳಿಯಲೇ ಇಲ್ಲ. ‘ಹತ್ತಿದ್ದು ಒಂದೇ ಸಲ, ಇಳಿಯೋಕೆ ಪುರುಸೊತ್ತೆಲ್ಲಿ?’ ಅಂತಿದ್ದಳು. ಈಗ ಮಂಡಿ ನೋವು, ಜಗಲಿಯೇ ಪ್ರಪಂಚ.

ಅವಳು ಹತ್ತಿದ ಘಟ್ಟವನ್ನು ನಾನು ಇಳಿದು ನೋಡಬೇಕು ಅನ್ನಿಸಿತು. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಹೊರಟೇಬಿಟ್ಟೆ.

ಭೈರಾಪುರದವರೆಗೆ ಜೀಪು. ಅಲ್ಲಿ ನಾಣ್ಯದ ಭೈರವೇಶ್ವರನಿಗೆ ಕೈಮುಗಿದು ಹೆಜ್ಜೆ ಹಾಕಿದರೆ ತೋಟ ಮುಗಿದು ಹುಲ್ಲುಗಾವಲು ಶುರು. ಎದುರಿಗೆ ಎತ್ತಿನ ಭುಜ! ಮಲಗಿದ ಎತ್ತಿನ ಹಿಣಿಲಿನಂತೆ ಬಂಡೆ ಎದ್ದು ನಿಂತಿದೆ. ಎತ್ತರ ಸುಮಾರು 1,300 ಮೀಟರ್. ಕೊನೆಯ ಏರಿನಲ್ಲಿ ಕಾಲಿನ ಜೊತೆ ಕೈಯೂ ಬೇಕು. ಮೇಲೆ ನಿಂತರೆ ಪಡುವಣಕ್ಕೆ ನೆಲವೇ ಕುಸಿದಂತೆ ಆಳ. ಬೋಳು ಗುಡ್ಡಗಳಲ್ಲಿ ಹುಲ್ಲು, ಗುಡ್ಡಗಳ ಸಂದಿಯಲ್ಲಿ ಮಾತ್ರ ಒತ್ತಾಗಿ ಶೋಲಾ ಕಾಡು. ಬರೀ ಹುಲ್ಲು ಅಂತ ಹಗುರ ಮಾಡಬೇಡಿ. ಮಳೆಗಾಲದ ನೀರನ್ನು ಸ್ಪಂಜಿನಂತೆ ಹೀರಿಟ್ಟುಕೊಂಡು ಬೇಸಿಗೆಗೆ ಸ್ವಲ್ಪ ಸ್ವಲ್ಪ ಬಿಡೋದು ಇವೇ ಗುಡ್ಡಗಳು. ಆ ನೀರೇ ಕಪಿಲೆಯಾಗಿ ಶಿಶಿಲಕ್ಕಿಳಿದು, ಮುಂದೆ ನೇತ್ರಾವತಿ ಸೇರುತ್ತೆ.

ಇದ್ದಕ್ಕಿದ್ದಂತೆ ಮಂಜು ಕವಿಯಿತು. ಐದಡಿ ಮುಂದಿನದು ಕಾಣದು. ನಾನು ಹೀರೋ ಥರ ಮುಂದೆ ಹೆಜ್ಜೆ ಇಡಲು ಹೋದೆ. ಜೊತೆಗಿದ್ದ ದಾರಿ ಬಲ್ಲ ಅಣ್ಣ ರಟ್ಟೆ ಹಿಡಿದು ಕೂರಿಸಿದರು. ‘ಮಂಜಲ್ಲಿ ನಡೆಯೋನು ದಡ್ಡ, ಕೂರೋನು ಬುದ್ಧಿವಂತ ಮಾರಾಯ’ ಅಂದರು. ಅರ್ಧ ಗಂಟೆ ಕೂತೆವು. ಮಂಜು ಸರಿದಾಗ ನೋಡಿದರೆ, ನಾನು ಹೊರಟಿದ್ದ ದಿಕ್ಕಿನಲ್ಲಿ ದಾರಿಯೇ ಇರಲಿಲ್ಲ. ಬರೀ ಪ್ರಪಾತ! ಹದಿನಾಲ್ಕರ ಹುಡುಗಿ ತಲೆ ಮೇಲೆ ಗಂಟು ಹೊತ್ತು ಇಲ್ಲಿ ಹೇಗೆ ಹತ್ತಿದಳಪ್ಪಾ ಅಂತ ಬೆವರಿದೆ.

ಆಮೇಲೆ ಇಳಿತ. ಹುಲ್ಲು ಮುಗಿದು ದಟ್ಟ ಕಾಡು, ಬೇರು, ಕಲ್ಲು, ಹಳ್ಳ. ಒಂದು ಕಡೆ ಆನೆ ಲದ್ದಿ ಇನ್ನೂ ಹಸಿಯಾಗಿತ್ತು. ಅಲ್ಲಿ ಯಾರೂ ಮಾತಾಡಲಿಲ್ಲ. ಶಿಶಿಲ ಮುಟ್ಟಿದಾಗ ಹೊತ್ತು ಇಳಿದಿತ್ತು.

ಶಿಶಿಲೇಶ್ವರನ ಗುಡಿ ಮುಂದೆ ಕಪಿಲೆ. ಅಲ್ಲಿನ ಮೀನುಗಳನ್ನು ದೇವರ ಮೀನು ಅಂತ ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ಪಾಪಿಗಳು ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರಲ್ಲಿ ಅವುಗಳಿಗೊಂದು ಸ್ಮಾರಕವೇ ಇದೆ. ಆ ಸುದ್ದಿ ಘಟ್ಟದ ಮೇಲಕ್ಕೂ ಬಂದಾಗ ಅಜ್ಜಿ ಎರಡು ದಿನ ಊಟ ಬಿಟ್ಟಿದ್ದಳಂತೆ. ‘ಇನ್ನು ಅಲ್ಲಿಗೆ ಹೋಗಿ ಏನು ನೋಡಲಿ?’ ಅಂದುಬಿಟ್ಟಳಂತೆ. ನಾನು ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಅಕ್ಕಿ ಎಸೆದೆ. ನೀರು ಕುದಿದಂತಾಯಿತು! ಮೊಳದುದ್ದದ ಮೀನುಗಳು, ಒಂದರ ಮೇಲೊಂದು!

ರಾತ್ರಿ ಅಲ್ಲೇ ಪರಿಚಯದವರ ಮನೆ. ಮಾರನೇ ದಿನ ಕೊಕ್ಕಡಕ್ಕೆ ಬಂದು, ಸುಬ್ರಹ್ಮಣ್ಯದ ಬಸ್ಸು ಹಿಡಿದು, ಕೈಕಂಬದಲ್ಲಿ ಇಳಿದೆ. ಹತ್ತಿರದ ನೆಟ್ಟಣದಲ್ಲೇ ಸುಬ್ರಹ್ಮಣ್ಯ ರೋಡ್ ಸ್ಟೇಷನ್.

ಊಟಿ ರೈಲಿಗೆ ದೊಡ್ಡ ಹೆಸರು. 1998ರ ‘ದಿಲ್ ಸೆ’ಯಲ್ಲಿ ಶಾರುಖ್ ಅದರ ಮೇಲೆ ಕುಣಿದ, 2005ರಲ್ಲಿ ಯುನೆಸ್ಕೊ ಪಾರಂಪರಿಕ ಪಟ್ಟವನ್ನೂ ಕೊಟ್ಟಿತು. ನಮ್ಮ ಘಟ್ಟದ ರೈಲಿಗೆ ಅಂಥ ಪಟ್ಟವಿಲ್ಲ. ಆದರೆ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ! 50 ಅಡಿ ಹೋದರೆ ಒಂದಡಿ ಏರು. 1979ರಲ್ಲಿ ಮೀಟರ್ ಗೇಜಾಗಿ ಶುರುವಾಯ್ತು. ಬ್ರಾಡ್ ಗೇಜ್ ಮಾಡಲು ವರ್ಷಗಟ್ಟಲೆ ಮುಚ್ಚಿ, 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿತು. 2021ರಲ್ಲಿ ಗಾಜಿನ ವಿಸ್ಟಾಡೋಮ್ ಬೋಗಿ ಬಂತು. ನನ್ನ ಜೇಬಿಗೆ ಜನರಲ್ ಬೋಗಿಯೇ ವಿಸ್ಟಾಡೋಮ್! ಕತ್ತಲು, ಬೆಳಕು, ಸೇತುವೆ, ಮತ್ತೆ ಕತ್ತಲು. ಥೇಟ್ ಟಾಕೀಸು! ಸುರಂಗ ಬಂದಾಗಲೆಲ್ಲ ಬೋಗಿಯಲ್ಲಿ ಶಿಳ್ಳೆ. ಯಡಕುಮೇರಿ, ಕಡಗರವಳ್ಳಿ, ದೋಣಿಗಲ್ ದಾಟಿ ಸಕಲೇಶಪುರ. ಅಲ್ಲಿಂದ ಮೂಡಿಗೆರೆಗೆ ಬಸ್ಸು.

ಹೋಗುವ ಗೆಳೆಯರಿಗೆ ನಾಲ್ಕು ಮಾತು. ಅರಣ್ಯ ಇಲಾಖೆಯ ಅನುಮತಿ ಮೊದಲು, ಆಮೇಲೆ ಚೀಲ. ದಾರಿ ಬಲ್ಲವರಿಲ್ಲದೆ ಇಳಿಯಬೇಡಿ. ಮಳೆಗಾಲದಲ್ಲಂತೂ ಇಂಬಳ, ಜಾರು, ತುಂಬಿದ ಹಳ್ಳ, ಬೇಡವೇ ಬೇಡ. ಹಳಿ ಮೇಲೆ ನಡೆಯುವ ಚಪಲಕ್ಕೆ ಬೀಳಬೇಡಿ, ಅದು ನಿಷೇಧ, ಪ್ರಾಣಕ್ಕೂ ಸಂಚಕಾರ. ಹಗಲು ರೈಲಿನ ವೇಳೆ ವಿಚಾರಿಸಿಕೊಂಡೇ ಹೊರಡಿ. 2025ರಲ್ಲಿ ವಿದ್ಯುತ್ ತಂತಿ ಎಳೆಯಲು ತಿಂಗಳುಗಟ್ಟಲೆ ನಿಲ್ಲಿಸಿದ್ದರು.

ಮನೆಗೆ ಬಂದವನು ಅಜ್ಜಿಗೆ ಸುರಂಗದ ಲೆಕ್ಕ ಒಪ್ಪಿಸತೊಡಗಿದೆ. ಅವಳು ಅರ್ಧದಲ್ಲೇ ತಡೆದಳು.

‘ಅದಿರಲಿ ಮಗ, ಮೀನು ಇದಾವಾ?’

ಮೊಣಕೈವರೆಗೆ ಅಳತೆ ತೋರಿಸಿದೆ. ಅವಳು ನನ್ನ ಕೈಯನ್ನೇ ನೋಡುತ್ತಾ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಆ ರೈಲು ಕೆಳಗೂ ಹೋಗ್ತದಾ?’

ಮುಂದಿನ ತಿಂಗಳಿಗೆ ಸಕಲೇಶಪುರದಿಂದ ಎರಡು ಟಿಕೇಟು ತೆಗೆಸಿದ್ದೇನೆ. ಈ ಸಲ ಕಿಟಕಿ ಸೀಟು ನನ್ನದಲ್ಲ.